ಮಾಲಗಾಂವದ ದಾರಿಯಲ್ಲಿ ಒಂದು ಹಳೆಯ ಕಾರು

ಮಿರಜ ಪಟ್ಟಣವನ್ನು ಹೊರಗಿನವರು ಮೂರು ಕಾರಣಗಳಿಗಾಗಿ ಬಲ್ಲರು. ಒಂದು, ಡಾಕ್ಟರ್ ವಾನ್ಲೆಸ್ 1894ರಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆ ಮತ್ತು ಅದರ ಬೆನ್ನಿಗೆ ಬೆಳೆದ ವೈದ್ಯರ ಬೀದಿಗಳು. ಎರಡು, ರೈಲು ಜಂಕ್ಷನ್ನು. ಒಂದು ಕಾಲಕ್ಕೆ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಎಂಬ ಮೂರು ಅಳತೆಯ ಹಳಿಗಳೂ ಇಲ್ಲಿ ಬಂದು ಕೂಡುತ್ತಿದ್ದವು. ಮೂರು, ಸಿತಾರ ಮತ್ತು ತಂಬೂರಿ. ಈ ಮೂರನ್ನೂ ಹಿಂದಕ್ಕೆ ಬಿಟ್ಟು ಮಾಲಗಾಂವದ ಹಾದಿ ಹಿಡಿದವನಿಗೆ ನಾಲ್ಕನೆಯ ಮಿರಜವೊಂದು ಎದುರಾಗುತ್ತದೆ. ಅದು ಎಲೆಬಳ್ಳಿಯ ತೋಟಗಳ, ದ್ರಾಕ್ಷಿಯ ಚಪ್ಪರಗಳ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಮಿರಜ.

ಕಪ್ಪು ನೆಲದ ಮೇಲೆ ಹಾಸಿದ ಡಾಂಬರು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳು ಅದರಲ್ಲಿ ಉದ್ದುದ್ದ ಗಾಲಿಜಾಡು ತೋಡುತ್ತವೆ. ಊರು ಬಂದಿತೆನ್ನುವಾಗ ರಸ್ತೆಯ ಮೇಲೆ ದಿಬ್ಬಗಳು ಸಾಲಾಗಿ ಏಳುತ್ತವೆ. ಇಂತಹ ದಾರಿಯಲ್ಲಿ ವಾಹನದ ಬಲಗಾಲಿ ಏರುವಾಗ ಎಡಗಾಲಿ ಇಳಿದಿರುತ್ತದೆ. ಮುಂದಿನ ಅಚ್ಚು ಒಂದು ಕಡೆಗೆ ವಾಲಿದರೆ ಹಿಂದಿನದು ಇನ್ನೊಂದು ಕಡೆಗೆ ವಾಲುತ್ತದೆ. ಒದ್ದೆಬಟ್ಟೆ ಹಿಂಡುವಾಗ ಎರಡು ಕೈಗಳು ಏನು ಮಾಡುತ್ತವೆಯೋ ಅದನ್ನೇ ಈ ರಸ್ತೆಯು ಕಾರಿನ ಒಡಲಿಗೆ ಮಾಡುತ್ತದೆ.

ಆ ದಾರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಬೂದುಬಣ್ಣದ ಫೋರ್ಡ್ ಐಕಾನ್ ಕಾರೊಂದು ಮಾಲಗಾಂವದ ಗ್ಯಾರೇಜಿಗೆ ಬಂದು ನಿಂತಿತು. 1.6 ಲೀಟರ್ ಪೆಟ್ರೋಲ್ ಎಂಜಿನ್ನಿನದು. 1999ರ ಕೊನೆಯಲ್ಲಿ ಈ ಕಾರು ಭಾರತದ ಮಾರುಕಟ್ಟೆಗೆ ಬಂದಾಗ, ಎಂಬತ್ತು ತೊಂಬತ್ತರ ದಶಕದ ಸೌಮ್ಯ ಎಂಜಿನ್ನುಗಳಿಗೆ ಒಗ್ಗಿದ್ದ ಜನ ಅದರ ಸುಮಾರು ತೊಂಬತ್ತು ಅಶ್ವಶಕ್ತಿಗೆ ಬೆರಗಾಗಿದ್ದರು. ತರುಣರು ಇಂದಿಗೂ ಅದನ್ನು ಹುಡುಕಿ ಕೊಳ್ಳುವುದುಂಟು. ಆದರೆ ಈ ಕಾರು ಹುಡುಕಿ ಕೊಂಡದ್ದಲ್ಲ, ಬಳುವಳಿಯಾಗಿ ಬಂದದ್ದು. 2001ರಲ್ಲಿ ಬೆಳಗಾವಿಯಲ್ಲಿ ಅದನ್ನು ಕೊಂಡವನು ಮನೆಯ ಹಿರಿಯ ಮಗ. ಅವನು ತೀರಿಕೊಂಡ ಮೇಲೆ ಕಾರು ಗಡಿ ದಾಟಿ ಕನ್ನಡ ಶಾಲೆಯ ಶಿಕ್ಷಕನಾದ ತಮ್ಮನ ಅಂಗಳಕ್ಕೆ ಬಂತು. ಹೊರರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಗುರುತು ಪಡೆಯಬೇಕೆಂಬುದು ಮೋಟಾರು ವಾಹನ ಅಧಿನಿಯಮದ 47ನೆಯ ಕಲಮಿನ ವಿಧಿ. ಆ ಪ್ರಕಾರ ಕೆಎ-22 ಹೋಗಿ ಸಾಂಗಲಿಯ ಎಂಎಚ್-10 ಬಂತು. ಫಲಕ ಬದಲಾಯಿತು; ಹಿಂಗಾಜಿನ ಮೂಲೆಯಲ್ಲಿ ಅಣ್ಣ ಅಂಟಿಸಿದ್ದ ಕನ್ನಡದ ಚೀಟಿ ಮಾತ್ರ ಹಾಗೆಯೇ ಉಳಿಯಿತು.

ಕಾರಿನೊಡನೆ ಬಂದವರು ಇಬ್ಬರು: ಆ ಶಿಕ್ಷಕ ಮತ್ತು ಯಂತ್ರಶಾಸ್ತ್ರದ ಡಿಪ್ಲೊಮಾ ಓದುತ್ತಿದ್ದ ಅವರ ಮಗಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು. ಕಾಲೇಜಿನ ಮೊದಲ ವರ್ಷ ಪಾಠ ಇಂಗ್ಲಿಷಿನಲ್ಲಿ, ಪಾಠದ ವಿವರಣೆ ಮರಾಠಿಯಲ್ಲಿ, ಮನೆಯಲ್ಲಿ ಅದರ ಮನನ ಕನ್ನಡದಲ್ಲಿ, ಹೀಗೆ ಮೂರು ಗೇಜಿನ ಹಳಿಗಳ ಮೇಲೆ ನಡೆದವಳು. ಕಾಲೇಜಿನ ಗೆಳೆಯರ ಗುಂಪು ಹವ್ಯಾಸಿಗಳ ಕಾರುಸ್ಪರ್ಧೆಯೊಂದಕ್ಕೆ ಸಿದ್ಧವಾಗುತ್ತಿತ್ತು. ದೊಡ್ಡಪ್ಪನ ಕಾರಿನ ಒಡಲನ್ನು ಬಿಗಿಗೊಳಿಸಿ ತಾನೂ ಅದರಲ್ಲಿ ಓಡಬೇಕೆಂಬುದು ಅವಳ ಆಸೆ. ಕೂಡಿಟ್ಟ ಹಣ ಇಪ್ಪತ್ತು ಸಾವಿರ ರೂಪಾಯಿ. ಕೈಯಲ್ಲಿ ಒಂದು ಪಟ್ಟಿ: ಮುಂದಿನ ಸ್ಟ್ರಟ್ ಬಾರ್, ಹಿಂದಿನ ಸ್ಟ್ರಟ್ ಬಾರ್, ಕೆಳತೋಳಿನ ಪಟ್ಟಿ, ಪಾಲಿಯುರೆಥೇನ್ ಬುಷ್‌ಗಳು, ಕೊನೆಯಲ್ಲಿ ಪ್ರಶ್ನೆಯ ಗುರುತಿನೊಡನೆ ರೋಲ್ ಕೇಜ್. ತಂದೆಯ ಕೈಯಲ್ಲಿಯೂ ಒಂದು ಕಾಗದವಿತ್ತು. ಹದಿನೈದು ವರ್ಷದ ಮೂಲ ನೋಂದಣಿ ಮುಗಿದು, ಐದೈದು ವರ್ಷಗಳ ಎರಡು ನವೀಕರಣಗಳೂ ಆಗಿ, ಮೂರನೆಯ ನವೀಕರಣದ ತಪಾಸಣೆ ಸಮೀಪಿಸಿತ್ತು. ಅದೇ ಕಾರಿನಲ್ಲಿ ಮಳೆಗಾಲದ ದಿನಗಳಂದು ಓಣಿಯ ಮೂವರು ಮಕ್ಕಳು ಅವರೊಡನೆ ಶಾಲೆಗೆ ಬರುತ್ತಿದ್ದರು.

ಗ್ಯಾರೇಜಿನ ಮೇಸ್ತ್ರಿ ಐವತ್ತು ದಾಟಿದವರು. ಕಬ್ಬಿನ ಟ್ರೇಲರುಗಳ ಬೆಸುಗೆ ಅವರ ಅನ್ನ. ಹಳೆಯ ಕಾರುಗಳು ಅವರ ಪ್ರೀತಿ. ಮರಾಠಿಯಲ್ಲಿ ಲೆಕ್ಕ ಹಾಕಿ ಕನ್ನಡದಲ್ಲಿ ಬೈಯುವುದು ಅವರ ರೂಢಿಯೆಂದು ಊರವರು ನಗುತ್ತಾರೆ. ಅವರು ಪಟ್ಟಿಯನ್ನು ಪೂರ್ತಿ ಓದಿ, ಮಡಚಿ, ಹುಡುಗಿಯ ಕೈಗೇ ಮರಳಿ ಕೊಟ್ಟರು.

"ಇದು ಸಾಮಾನಿನ ಪಟ್ಟಿ ಆತವ್ವ. ರೋಗದ ಪಟ್ಟಿ ಎಲ್ಲೈತಿ?"

ಕಾರಿನ ಒಡಲನ್ನು ಬಿಗಿಗೊಳಿಸುವುದೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಹಳೆಯ ಕಾಲದ ಮೋಟಾರುಗಳಲ್ಲಿ, ಇಂದಿನ ಲಾರಿ ಮತ್ತು ಟ್ರೇಲರುಗಳಲ್ಲಿ, ಮಾರುತಿ ಜಿಪ್ಸಿಯಂತಹ ಗಾಡಿಗಳಲ್ಲಿಯೂ ಏಣಿಯಾಕಾರದ ಉಕ್ಕಿನ ಚೌಕಟ್ಟು ಕೆಳಗಿರುತ್ತದೆ. ಮೈ ಅದರ ಮೇಲೆ ಕುಳಿತಿರುತ್ತದೆ. ಆದರೆ 1922ರ ಲಾನ್ಸಿಯಾ ಲಾಂಬ್ಡಾ ಕಾರಿನಿಂದ ಮೊದಲಾಗಿ ಮೈಯನ್ನೇ ಚೌಕಟ್ಟನ್ನಾಗಿಸುವ ಪದ್ಧತಿ ಬೆಳೆಯಿತು. ನಮ್ಮ ಅಂಬಾಸಡರ್ ಕೂಡ ಆ ಜಾತಿಯದೇ. ಐಕಾನ್ ಸಹ ಅದೇ ಬಗೆಯದು. ಅದರಲ್ಲಿ ಬೇರೆ ಚಾಸಿ ಎಂಬುದಿಲ್ಲ. ತೆಳುವಾದ ಉಕ್ಕಿನ ಹಾಳೆಗಳನ್ನು ಮಡಚಿ, ಚುಕ್ಕೆ ಚುಕ್ಕೆಯಾಗಿ ಬೆಸೆದು ಮಾಡಿದ ಪೆಟ್ಟಿಗೆಯೇ ಚಾಸಿ. ಹೊಸ್ತಿಲಿನಂತಿರುವ ಬಾಗಿಲ ಕೆಳಗಿನ ಸಿಲ್, ಕಂಬಗಳು, ಮಾಡು, ನೆಲಹಾಸು ಇವೆಲ್ಲ ಸೇರಿ ಭಾರ ಹೊರುತ್ತವೆ.

ಇದನ್ನು ಅರಿಯಲು ಪ್ರಯೋಗಶಾಲೆ ಬೇಡ. ಮನೆಯಲ್ಲಿರುವ ಬೂಟಿನ ರಟ್ಟಿನ ಪೆಟ್ಟಿಗೆಯನ್ನು ಮುಚ್ಚಳವಿಲ್ಲದೆ ಎರಡು ತುದಿಗೆ ಹಿಡಿದು ಹಿಂಡಿ ನೋಡಬೇಕು. ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳವನ್ನು ಸುತ್ತಲೂ ಅಂಟಿಸಿ ಮತ್ತೆ ಹಿಂಡಿದರೆ ಅದೇ ರಟ್ಟು ಮಣಿಯದು. ರಟ್ಟು ಬದಲಾಗಲಿಲ್ಲ, ದಪ್ಪವೂ ಆಗಲಿಲ್ಲ. ತೆರೆದದ್ದು ಮುಚ್ಚಿತು, ಅಷ್ಟೇ. ಉಕ್ಕಿನ ಕೊಳವೆಯ ಲೆಕ್ಕ ಇದಕ್ಕಿಂತ ವಿಸ್ಮಯಕರ. ಹೊರವ್ಯಾಸ 40 ಮಿಲಿಮೀಟರ್, ಗೋಡೆಯ ದಪ್ಪ 2 ಮಿಲಿಮೀಟರ್ ಇರುವ ಕೊಳವೆಯನ್ನು ಉದ್ದಕ್ಕೆ ಒಂದು ಸೀಳು ಸೀಳಿದರೆ, ತಿರುಚುವಿಕೆಯನ್ನು ತಡೆಯುವ ಅದರ ಗುಣ ಸುಮಾರು 270ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾರಿನ ಸಿಲ್ ಒಂದು ಮುಚ್ಚಿದ ಕೊಳವೆ. ತುಕ್ಕು ಅದನ್ನು ಉದ್ದಕ್ಕೆ ತಿಂದರೆ ಅದೊಂದು ಸೀಳಿದ ಕೊಳವೆ.

ಎರಡನೆಯ ಮಾತು, ಬಲ ಬೇರೆ, ಬಿಗಿತ ಬೇರೆ. ಮುರಿಯದಿರುವುದು ಬಲ, ಬಾಗದಿರುವುದು ಬಿಗಿತ. ದುಬಾರಿಯಾದ ಹೆಚ್ಚು ಬಲದ ಉಕ್ಕು ಸಾಮಾನ್ಯ ಉಕ್ಕಿಗಿಂತ ತಡವಾಗಿ ಸೋಲುತ್ತದೆ, ನಿಜ. ಆದರೆ ಸೋಲುವ ಮುನ್ನ ಎರಡೂ ಬಹುತೇಕ ಸಮನಾಗಿಯೇ ಬಾಗುತ್ತವೆ. ಅಲ್ಯುಮಿನಿಯಮ್ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಬಿಗಿ. ಬಿಗಿತವನ್ನು ನಿರ್ಣಯಿಸುವುದು ಮುಖ್ಯವಾಗಿ ಆಕಾರ. 20 ಮಿಲಿಮೀಟರ್ ವ್ಯಾಸದ ಗಟ್ಟಿ ಸರಳಿಗಿಂತ ಮೇಲೆ ಹೇಳಿದ 40 ಮಿಲಿಮೀಟರ್ ಕೊಳವೆಯಲ್ಲಿ ಲೋಹ ಸುಮಾರು ಕಾಲು ಭಾಗ ಕಡಿಮೆ. ಆದರೂ ತಿರುಚನ್ನು ತಡೆಯುವುದರಲ್ಲಿ ಅದು ಐದು ಪಟ್ಟಿಗೂ ಮಿಗಿಲು. ಆದುದರಿಂದ ಅಂಗಡಿಯಲ್ಲಿ ಭಾರವಾಗಿ ಕಂಡ ಭಾಗವೇ ಒಳ್ಳೆಯದೆಂದು, ಹೊಳೆಯುವ ಭಾಗವೇ ಬಿಗಿಯಾದದ್ದೆಂದು ತಿಳಿಯುವುದು ತಪ್ಪು.

"ಕನ್ನಡದಾಗ ಇದಕ್ಕ ಬ್ಯಾರೆ ಬ್ಯಾರೆ ಶಬ್ದ ಅದಾವು ಅಂತ ನನಗ ಗೊತ್ತೇ ಇರಲಿಲ್ಲ," ಎಂದಳು ಹುಡುಗಿ. "ಪರೀಕ್ಷಾದಾಗ ಎರಡನ್ನೂ ಒಂದು ಮಾಡಿ ಬರದು ಮಾರ್ಕ್ಸ್ ಕಳಕೊಂಡಿದ್ದೆ."

ತಂದೆ ನಕ್ಕರು. "ಹಗ್ಗ ಬಿಗಿ ಅಂತೀವಿ, ಎತ್ತು ಬಲಾ ಅಂತೀವಿ. ಹಗ್ಗ ಬಲಾ ಐತಿ ಅಂದ್ರ ಅರ್ಥ ಬ್ಯಾರೆ ಆಗೂದಿಲ್ಲೇನು?"

ಇಷ್ಟಕ್ಕೂ ಒಡಲು ಬಿಗಿಯಾಗಿರಬೇಕು ಏಕೆ? ಗಾಲಿಗೂ ಮೈಗೂ ನಡುವೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಇವೆ. ಅವು ತಮ್ಮ ಕೆಲಸ ಸರಿಯಾಗಿ ಮಾಡಬೇಕಾದರೆ ಆತುಕೊಳ್ಳಲು ಅಲುಗದ ಆಧಾರ ಬೇಕು. ಮೈಯೇ ಬಾಗುವುದಾದರೆ ಅದೂ ಒಂದು ಸ್ಪ್ರಿಂಗ್ ಆಗುತ್ತದೆ. ಆದರೆ ಅದಕ್ಕೆ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಆಗ ತಿರುವಿನಲ್ಲಿ ಗಾಲಿಯ ಕೋನ ಚಾಲಕನ ಅಪ್ಪಣೆಯಿಲ್ಲದೆ ಬದಲಾಗುತ್ತದೆ, ಸ್ಟೀರಿಂಗು ತಡವಾಗಿ ಉತ್ತರ ಕೊಡುತ್ತದೆ. ಇಂಜಿನಿಯರರು ಇದನ್ನು ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್-ಮೀಟರ್ ಬೇಕೆಂಬುದರಿಂದ ಅಳೆಯುತ್ತಾರೆ. ಇಂದಿನ ಅನೇಕ ಕಾರುಗಳಲ್ಲಿ ಆ ಅಂಕಿ 20,000ವನ್ನು ದಾಟುತ್ತದೆ. ಇಪ್ಪತ್ತೈದು ಮೂವತ್ತು ವರ್ಷ ಹಿಂದಿನ ಸಣ್ಣ ಕಾರುಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಓಟದ ಕಾರುಗಳ ಜಗತ್ತಿನಲ್ಲಿ ಈ ಸತ್ಯವನ್ನು ಎಲ್ಲರ ಕಣ್ಣಿಗೆ ತೋರಿಸಿದವನು ಇಂಗ್ಲೆಂಡಿನ ಕಾಲಿನ್ ಚಾಪ್ಮನ್. 1962ರ ಅವನ ಲೋಟಸ್ 25 ಕಾರು ಕೊಳವೆಗಳ ಪಂಜರವನ್ನು ಬಿಟ್ಟು ಹಾಳೆಗಳ ಪೆಟ್ಟಿಗೆಯನ್ನು ಆಶ್ರಯಿಸಿತು. ತೂಕ ಇಳಿಯಿತು, ಬಿಗಿತ ಏರಿತು, ಮಿಕ್ಕವರು ಅದೇ ದಾರಿ ಹಿಡಿದರು.

ಮೇಸ್ತ್ರಿ ಮೊದಲು ಮಾಡಿದ್ದು ಒಂದು ಸರಳ ಪರೀಕ್ಷೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ನಾಲ್ಕು ಬಾಗಿಲುಗಳ ಸಂದುಗಳನ್ನು ಮೂರು ಮೂರು ಕಡೆ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು. ಬಳಿಕ ತಯಾರಕರು ಗುರುತಿಸಿದ ಜಾಗದಲ್ಲಿ ಜಾಕ್ ಇಟ್ಟು ಮುಂದಿನ ಎಡಮೂಲೆಯೊಂದನ್ನೇ ಎತ್ತಿ, ಭದ್ರತೆಗೆ ಸ್ಟ್ಯಾಂಡ್ ಕೊಟ್ಟು, ಮತ್ತೆ ಅಳೆದರು. ಬಲಗಡೆಯಲ್ಲಿ ವ್ಯತ್ಯಾಸ ಅತ್ಯಲ್ಪ. ಎಡಗಡೆಯ ಮುಂಬಾಗಿಲ ಮೇಲಿನ ಸಂದು ಮಾತ್ರ ಕಣ್ಣಿಗೆ ಕಾಣುವಷ್ಟು ಕಿರಿದಾಯಿತು; ಬಾಗಿಲನ್ನು ತೆರೆದು ಮುಚ್ಚಿದರೆ ಅಗುಳಿ ಉಜ್ಜಿ ಕೂತಿತು. ಎರಡು ಬದಿಗಳೂ ಸಮನಾಗಿ ಮಣಿದರೆ ಅದು ಕಾರಿನ ಸ್ವಭಾವ. ಒಂದು ಬದಿ ಮಾತ್ರ ಮಣಿದರೆ ಅದು ರೋಗ.

ಪಾಯದಾನಿ ತೆಗೆದು, ರತ್ನಗಂಬಳಿಯಂತೆ ಅಂಟಿಕೊಂಡಿದ್ದ ಹಳೆಯ ಹಾಸನ್ನು ಮೇಸ್ತ್ರಿ ಮೇಲೆತ್ತಿದರು. ವರ್ಷಗಳ ಮಳೆನೀರು ಬಾಗಿಲ ರಬ್ಬರಿನ ಸೀಳಿನಿಂದ ಇಳಿದು ಅಲ್ಲಿ ನಿಂತಿತ್ತು. ಸಿಲ್ಲಿನ ಒಳಗೋಡೆಯ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದಾಗ ಮುಂದೆ 'ಟಣ್' ಎಂದ ಲೋಹ ಕಂಬದ ಬುಡಕ್ಕೆ ಬಂದಾಗ 'ದಪ್' ಎಂದಿತು. ತುದಿಯಿಂದ ಒತ್ತಿದರೆ ಅದು ಒಳಕ್ಕೆ ಇಳಿಯಿತು. ಗೇಣುದ್ದದ ಜಾಗ. ಮೇಲಿನ ಬಣ್ಣ ಚೆನ್ನಾಗಿತ್ತು. ಒಳಗೆ ಉಕ್ಕು ಎಲೆಯಡಿಕೆಯ ಬಣ್ಣದ ಪುಡಿಯಾಗಿತ್ತು. ಆ ಬದಿಯ ಹಿಂದಿನ ಆಸನದಲ್ಲಿಯೇ ಶಾಲೆಯ ಮಕ್ಕಳು ಕೂರುತ್ತಿದ್ದುದು. ಶಿಕ್ಷಕರು ಬಹಳ ಹೊತ್ತು ಏನನ್ನೂ ಆಡಲಿಲ್ಲ.

ಕಾರನ್ನು ಹಾಗೆಯೇ ಎತ್ತಿಟ್ಟು, ಊಟದ ಹೊತ್ತಾಯಿತೆಂದು ಮೂವರೂ ಹೊರನಡೆದರು. ಗ್ಯಾರೇಜಿನ ಹಿಂದೆಯೇ ದ್ರಾಕ್ಷಿಯ ತೋಟ. ಸಾಲುಸಾಲಾಗಿ ಕಂಬಗಳು, ಕಂಬದಿಂದ ಕಂಬಕ್ಕೆ ಬಿಗಿದ ತಂತಿಗಳು, ತಂತಿಯ ಮೇಲೆ ಬಳ್ಳಿ. ನಡುವಿನ ಕಂಬಗಳು ಸಾಧಾರಣವಾದವು. ಸಾಲಿನ ಎರಡು ತುದಿಗಳಲ್ಲಿರುವ ಕಂಬಗಳಿಗೆ ಮಾತ್ರ ಹೊರಗಡೆಯಿಂದ ಓರೆಯಾಗಿ ತಂತಿ ಕಟ್ಟಿ ನೆಲದಲ್ಲಿ ಹೂತ ಕಲ್ಲಿಗೆ ಬಿಗಿದಿದ್ದರು. ಇಡೀ ಸಾಲಿನ ಎಳೆತ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ತುದಿಯ ಕಂಬ ವಾಲಿದರೆ ನಡುವೆ ಎಷ್ಟು ಕಂಬ ನೆಟ್ಟರೂ ತಂತಿ ಜೋಲುತ್ತದೆ. ಪಕ್ಕದ ಎಲೆತೋಟದಲ್ಲಿ ರೀತಿ ಬೇರೆ. ಅಲ್ಲಿ ವೀಳ್ಯದ ಬಳ್ಳಿಗೆ ಜೀವಂತ ಗಿಡಗಳೇ ಆಸರೆ. ಗಾಳಿ ಬಂದಾಗ ಆಸರೆಯೂ ಬಳ್ಳಿಯೂ ಕೂಡಿಯೇ ತೂಗುತ್ತವೆ. ಒಂದು ಊರಿನ ಒಂದೇ ಬದುವಿನ ಈಚೆ ಆಚೆ, ಎಲ್ಲಿ ಅಲುಗಬಾರದು ಎಲ್ಲಿ ಅಲುಗಬೇಕು ಎಂಬುದನ್ನು ಒಕ್ಕಲಿಗರು ಬೇರೆ ಬೇರೆಯಾಗಿ ಇತ್ಯರ್ಥ ಮಾಡಿದ್ದರು.

ಮಿರಜದ ಸಿತಾರ ತಯಾರಕರ ವಿದ್ಯೆಯೂ ಇದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಕತ್ತಿಯ ಕಾಲ ಮುಗಿದಾಗ ತಂತಿವಾದ್ಯಗಳಿಗೆ ತಿರುಗಿದವು; 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಪಂಢರಪುರ ಮಂಗಳವೇಢೆಯ ಕಡೆಯಿಂದ ಬರುವ ದೊಡ್ಡ ಸೋರೆಬುರುಡೆ ಅವುಗಳ ಒಡಲು. ತಂತಿಗಳ ಎಳೆತವನ್ನು ಹೊರುವ ದಂಡಿಗೆ ಬಾಗಬಾರದು. ಬಾಗಿದರೆ ಶ್ರುತಿ ಕೆಡುತ್ತದೆ. ಬುರುಡೆಯ ಮೇಲಿನ ಹಲಗೆಯಾದರೋ ಕಂಪಿಸಲೇಬೇಕು. ಅದನ್ನೂ ದಪ್ಪಗೊಳಿಸಿದರೆ ವಾದ್ಯ ಮೂಕವಾಗುತ್ತದೆ. ದಂಡಿಗೆಯೂ ಬುರುಡೆಯೂ ಕೂಡುವ ಕೊರಳಿನ ಬೆಸುಗೆಯಲ್ಲಿ ತಯಾರಕನ ಹೆಸರು ಉಳಿಯುತ್ತದೆ ಇಲ್ಲವೆ ಅಳಿಯುತ್ತದೆ. ಕಾರಿನಲ್ಲಿ ಮೈ ದಂಡಿಗೆಯಂತೆ, ಗಾಲಿಯ ಸ್ಪ್ರಿಂಗು ಹಲಗೆಯಂತೆ. ಮೊದಲನೆಯದನ್ನು ಬಿಗಿ ಮಾಡುವ ಉದ್ದೇಶವೇ ಎರಡನೆಯದು ಸ್ವತಂತ್ರವಾಗಿ ಆಡಲಿ ಎಂಬುದು.

ಊಟದ ನಂತರ ಪಟ್ಟಿಯನ್ನು ಮತ್ತೆ ಬಿಚ್ಚಲಾಯಿತು. ಈಗ ಒಂದೊಂದಕ್ಕೂ ಸಾಕ್ಷ್ಯ ಕೇಳಿ ತೀರ್ಮಾನಿಸುವ ಕ್ರಮ ನಡೆಯಿತು.

ಮೊದಲನೆಯದು ಮುಂದಿನ ಸ್ಟ್ರಟ್ ಬಾರ್. ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಸ್ಟ್ರಟ್ ಪದ್ಧತಿ 1950ರ ದಶಕದ ಆರಂಭದಿಂದ ಜನಸಾಮಾನ್ಯರ ಕಾರುಗಳಿಗೆ ಬಂತು. ಐಕಾನಿನ ಮುಂಭಾಗದಲ್ಲಿಯೂ ಅದೇ ಇದೆ. ಅದರಲ್ಲಿ ಗಾಲಿಯ ಒತ್ತಡ ಎಂಜಿನ್ನಿನ ಎರಡು ಮಗ್ಗುಲ ಗೋಪುರಗಳ ನೆತ್ತಿಗೆ ಮುಟ್ಟುತ್ತದೆ. ತಿರುವಿನಲ್ಲಿ ಒಂದು ಗೋಪುರ ಒಳಕ್ಕೆ ವಾಲಲು ಹವಣಿಸುತ್ತದೆ. ಎರಡನ್ನೂ ಕೂಡಿಸುವ ಅಡ್ಡಪಟ್ಟಿ ಒಂದರ ಭಾರವನ್ನು ಇನ್ನೊಂದಕ್ಕೆ ಹಂಚುತ್ತದೆ. ಇದು ಉಪಯುಕ್ತ ಭಾಗವೇ. ಆದರೆ ಆಯ್ಕೆಯಲ್ಲಿ ನೋಡಬೇಕಾದದ್ದು ಬಣ್ಣವಲ್ಲ. ಗೋಪುರದ ಮೇಲೆ ಕೂರುವ ತಟ್ಟೆ ದಪ್ಪವಾಗಿದ್ದು ಸುತ್ತಲಿನ ಎಲ್ಲ ಬೋಲ್ಟುಗಳನ್ನೂ ಹಿಡಿಯಬೇಕು. ಕೊಳವೆ ನೆಟ್ಟಗಿರಬೇಕು, ಎಂಜಿನ್ನನ್ನು ತಪ್ಪಿಸಲು ಬಿಲ್ಲಿನಂತೆ ಬಗ್ಗಿಸಿದ್ದರೆ ಒತ್ತಡ ಬಿದ್ದಾಗ ಅದು ಇನ್ನಷ್ಟು ಬಗ್ಗುತ್ತದೆ. ತುದಿಗಳಲ್ಲಿ ಒಂದೊಂದೇ ಬೋಲ್ಟಿನ ಕೀಲಿದ್ದರೆ ಆ ಕೀಲು ಸ್ವಲ್ಪವೂ ಸಡಿಲವಿರಬಾರದು. ಬೆಸೆದ ಒಂದೇ ತುಂಡಾದರೆ ಮೇಲು. ಹಿಂದಿನ ಗೋಡೆಗೂ ಕೂಡಿ ತ್ರಿಕೋನವಾದರೆ ಇನ್ನೂ ಮೇಲು, ಏಕೆಂದರೆ ನಾಲ್ಕು ಮೂಲೆಯ ಚೌಕಟ್ಟು ವಾಲುತ್ತದೆ, ಮೂರು ಮೂಲೆಯದು ವಾಲದು. ಹೊಲದ ಗೇಟಿಗೆ ಓರೆಪಟ್ಟಿ ಬಡಿಯುವ ಪ್ರತಿಯೊಬ್ಬ ರೈತನೂ, ಸೈಕಲ್ ಏರುವ ಪ್ರತಿಯೊಬ್ಬ ಹುಡುಗನೂ ಆ ತತ್ತ್ವದ ಮೇಲೆಯೇ ನಿಂತಿದ್ದಾನೆ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಗುರ್ಲಹೊಸೂರಿನ ಲಕ್ಷ್ಮಣರಾವ ಕಿರ್ಲೋಸ್ಕರರ ಕಥೆ ಈ ಗಡಿಸೀಮೆಯ ಮಕ್ಕಳಿಗೆ ಅಪರಿಚಿತವಲ್ಲ.

ಎರಡನೆಯದು ಕೆಳತೋಳಿನ ಪಟ್ಟಿ. ಇದು ಮುಂದಿನ ಗಾಲಿಗಳ ಕೆಳತೋಳುಗಳು ಕೂಡುವ ಜಾಗಗಳನ್ನು ಕೆಳಗಿನಿಂದ ಕಟ್ಟುತ್ತದೆ. ಗುಣದಲ್ಲಿ ದೋಷವಿಲ್ಲ, ದೋಷ ರಸ್ತೆಯದು. ಗಾಲಿಜಾಡುಗಳ ನಡುವೆ ಎದ್ದ ಡಾಂಬರಿನ ದಿಂಡು, ಊರೂರಿನ ದಿಬ್ಬಗಳು ನೆಲಕ್ಕೂ ಕಾರಿಗೂ ಇರುವ ಅಂತರವನ್ನು ದಿನವೂ ಪರೀಕ್ಷಿಸುತ್ತವೆ. ಅಲ್ಲಿ ತಗುಲಿದ ಪೆಟ್ಟು ಪಟ್ಟಿಯ ಮೂಲಕ ನೇರವಾಗಿ ತೋಳಿನ ಬುಡಕ್ಕೇ ಹೋಗುತ್ತದೆ. ಅದನ್ನು ಬಿಡಲಾಯಿತು.

ಮೂರನೆಯದು ಹಿಂದಿನ ಸ್ಟ್ರಟ್ ಬಾರ್. ಈ ಕಾರಿನ ಹಿಂದಿನ ಗಾಲಿಗಳನ್ನು ಒಂದು ತಿರುಚುತೊಲೆ ಕೂಡಿಸಿದೆ. ಗಾಲಿಯ ಕೋನವನ್ನು ಹಿಡಿದಿಡುವುದು ಆ ತೊಲೆಯೇ ಹೊರತು ಮೇಲಿನ ಗೋಪುರಗಳಲ್ಲ. ಆದುದರಿಂದ ಅಲ್ಲಿ ಅಡ್ಡಪಟ್ಟಿಯಿಂದ ಆಗುವ ಲಾಭ ಮುಂಭಾಗದಷ್ಟಿಲ್ಲ. ಸಾಮಾನಿಡುವ ಜಾಗ ಕಡಿಮೆಯಾಗುವುದು ಖಚಿತ. ಅದನ್ನೂ ಬಿಡಲಾಯಿತು.

ನಾಲ್ಕನೆಯದು ಬುಷ್‌ಗಳು. ತೋಳುಗಳ ಕೀಲುಗಳಲ್ಲಿರುವ ರಬ್ಬರು ಇಪ್ಪತ್ತು ವರ್ಷದಲ್ಲಿ ಒಣಗಿ ಬಿರುಕು ಬಿಟ್ಟಿತ್ತು. 'ಚಾಸಿ ಸಡಿಲಾಗಿದೆ' ಎಂದು ಜನ ದೂರುವ ಕಾರುಗಳಲ್ಲಿ ಎಷ್ಟೋ ಸಲ ಸಡಿಲಾಗಿರುವುದು ಈ ಅಂಗೈಯಗಲದ ರಬ್ಬರೇ. ಪಾಲಿಯುರೆಥೇನ್ ಹೆಚ್ಚು ಗಟ್ಟಿ. ಆದರೆ ಅದಕ್ಕೆ ತಕ್ಕ ಗ್ರೀಸ್ ಬೇಕು, ಸದ್ದು ಮತ್ತು ನಡುಕ ಒಳಗೆ ಹೆಚ್ಚು ಬರುತ್ತವೆ. ಓಟಕ್ಕೆ ಅದು ಸರಿ, ದಿನಬಳಕೆಗೆ ಹೊಸ ರಬ್ಬರೇ ಸಾಕೆಂದು ಮೇಸ್ತ್ರಿ ಹೇಳಿದರು. ಹುಡುಗಿ ಒಪ್ಪಿದಳು, ಒಲ್ಲದ ಮನಸ್ಸಿನಿಂದ.

ಕೊನೆಯದು ರೋಲ್ ಕೇಜ್. ಒಡಲನ್ನು ಬಿಗಿಗೊಳಿಸುವ ಭಾಗಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ನಡೆಸುವ ಕೆ-1000ದಂತಹ ರ‍್ಯಾಲಿಗಳಲ್ಲಿ ಕಾರುಗಳ ಒಳಗೆ ಕಾಣುವ ಕೊಳವೆಗಳ ಪಂಜರ ಇದೇ. ಅಂತರರಾಷ್ಟ್ರೀಯ ನಿಯಮದಂತೆ ಅದರ ಮುಖ್ಯ ಕಮಾನಿಗೆ ಸೀಮು ಇಲ್ಲದ ಉಕ್ಕಿನ ಕೊಳವೆ ಬೇಕು. ವ್ಯಾಸ 45 ಮಿಲಿಮೀಟರ್ ಆದರೆ ದಪ್ಪ 2.5, 50 ಆದರೆ 2 ಮಿಲಿಮೀಟರ್. ಆದರೆ ಅದರೊಡನೆ ಹೆಲ್ಮೆಟ್ಟು, ಅನೇಕ ಪಟ್ಟಿಗಳ ಬೆಲ್ಟು, ವಿಶೇಷ ಆಸನ ಇವೆಲ್ಲವೂ ಕಡ್ಡಾಯ. ಬರಿದಲೆಯಲ್ಲಿ ಕೂತ ಮಗುವಿನ ತಲೆಯಿಂದ ಗೇಣುದೂರದಲ್ಲಿ ಉಕ್ಕಿನ ಕೊಳವೆಯಿದ್ದರೆ ಸಣ್ಣ ಡಿಕ್ಕಿಯೂ ಪ್ರಾಣಾಂತಿಕವಾದೀತು. ಇನ್ನೊಂದು ಸೂಕ್ಷ್ಮವೂ ಇದೆ. ಬೇಲಾ ಬಾರೆನ್ಯಿ ಎಂಬ ಇಂಜಿನಿಯರ್ ರೂಪಿಸಿದ, 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಳಕೆಗೆ ಬಂದ ತತ್ತ್ವದಂತೆ ಕಾರಿನ ಮೂಗು ಮತ್ತು ಬಾಲ ಡಿಕ್ಕಿಯಲ್ಲಿ ನುಗ್ಗಾಗಬೇಕು. ನಡುವಿನ ಕೋಣೆ ಮಾತ್ರ ನಿಲ್ಲಬೇಕು. ತಿಳಿಯದೆ ಎಲ್ಲೆಂದರಲ್ಲಿ ಬೆಸೆದು ಮೂಗನ್ನೂ ಬಿಗಿ ಮಾಡಿದವನು ಆ ಪೆಟ್ಟನ್ನು ಒಳಗಿರುವವರ ಎದೆಗೆ ಸಾಗಿಸುತ್ತಾನೆ.

ಕಾನೂನೂ ಇಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ವಿಧಿಸಬಹುದು. ತುಕ್ಕು ತಿಂದ ಸಿಲ್ಲನ್ನು ಮೊದಲಿದ್ದಂತೆ ಕಟ್ಟುವುದು ದುರಸ್ತಿ. ಮೈಯನ್ನು ಕೊಯ್ದು ಪಂಜರ ಬೆಸೆಯುವುದು ರಚನೆಯ ಬದಲಾವಣೆ. ಬೋಲ್ಟಿನಿಂದ ಕೂರಿಸಿ ಬಿಚ್ಚಬಹುದಾದ ಪಟ್ಟಿ ಇವೆರಡರ ನಡುವೆ ನಿಲ್ಲುತ್ತದೆ. ಅದಕ್ಕೂ ಮುನ್ನ ಸಾರಿಗೆ ಕಚೇರಿಯನ್ನು ಕೇಳಿ, ವಿಮಾ ಕಂಪನಿಗೆ ಬರೆದು ತಿಳಿಸುವುದು ವಿವೇಕ. ಅಪಘಾತದ ನಂತರ ಹೇಳುವ ಸತ್ಯಕ್ಕಿಂತ ಮುಂಚೆ ಬರೆದ ಒಂದು ಪತ್ರಕ್ಕೆ ಬೆಲೆ ಹೆಚ್ಚು.

ಸಂಜೆಗೆ ಲೆಕ್ಕ ಸಿದ್ಧವಾಯಿತು. ಎಡಸಿಲ್ಲಿನ ಕೊಳೆತ ಭಾಗವನ್ನು ಕೊಯ್ದು, ಮೂಲದಷ್ಟೇ ದಪ್ಪದ ಹಾಳೆಯಿಂದ ಒಳಗೋಡೆ ಹೊರಗೋಡೆ ಎರಡನ್ನೂ ಕಟ್ಟಿ, ಪೆಟ್ಟಿಗೆಯನ್ನು ಮತ್ತೆ ಮುಚ್ಚುವುದು, ಬೆಸೆಯುವಾಗ ಬಾಗಿಲ ಚೌಕಟ್ಟು ಎಳೆದುಕೊಳ್ಳದಂತೆ ಒಳಗೆ ತಾತ್ಕಾಲಿಕ ಊರೆ ಕೊಡುವುದು, ಒಳಗೆ ಮೇಣದಂತಹ ರಕ್ಷಕವನ್ನು ಸಿಂಪಡಿಸಿ, ನೀರು ಹೊರಹೋಗುವ ತೂತುಗಳನ್ನು ಬಿಡಿಸುವುದು, ಬಾಗಿಲ ರಬ್ಬರು, ಮುಂದಿನ ಬುಷ್‌ಗಳು, ಗಾಲಿಯ ಕೋನಗಳ ಹೊಂದಾಣಿಕೆ. ಇಪ್ಪತ್ತು ಸಾವಿರದಲ್ಲಿ ಉಳಿದದ್ದು ಮುಂದಿನ ಸ್ಟ್ರಟ್ ಬಾರಿಗೂ ಸಾಲದು.

"ಅಂದ್ರ ಬಿಗಿ ಮಾಡಾಕ ಬಂದು, ಬರೇ ರಿಪೇರಿ ಮಾಡಿಸಿ ಹೋಗೂದು," ಎಂದಳು ಹುಡುಗಿ. ಧ್ವನಿಯಲ್ಲಿ ಕಹಿಯಿತ್ತು. ಗೆಳೆಯರ ಕಾರುಗಳಲ್ಲಿ ಬಾನೆಟ್ಟು ಎತ್ತಿದರೆ ಹೊಳೆಯುವ ಕೆಂಪು ಪಟ್ಟಿಗಳಿದ್ದವು. ಇವಳ ಹಣವೆಲ್ಲ ಹಾಸಿನ ಕೆಳಗೆ, ಯಾರಿಗೂ ಕಾಣದಲ್ಲಿ ಹೋಗಲಿತ್ತು. ಈ ವರ್ಷದ ಸ್ಪರ್ಧೆ ತಪ್ಪಿತು.

ಮೇಸ್ತ್ರಿ ಸಮಾಧಾನದ ಮಾತಾಡಲಿಲ್ಲ. ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿಗಳನ್ನು ತೋರಿಸಿ, "ಇವನ್ನ ಬರಕೋ. ಬೆಸಿಗಿ ಆದಮ್ಯಾಲೆ ನೀನೇ ಬಂದು ಅಳಿ. ಒಂದು ಮಾಡು, ಅಳಿ, ಬರಿ, ಆಮ್ಯಾಲೆ ಎರಡನೇದು. ಎಲ್ಲಾ ಒಮ್ಮೆ ಹಾಕಿದರ ಯಾವುದು ಕೆಲಸ ಮಾಡೇತಿ ಅಂತ ದೇವರಿಗೂ ತಿಳಿಯೂದಿಲ್ಲ," ಎಂದರು.

ಅವಳು ಪಟ್ಟಿಯ ಕಾಗದವನ್ನು ತಿರುವಿ ಅದರ ಬೆನ್ನಿನ ಮೇಲೆ ಅಂಕಿಗಳನ್ನು ಬರೆದುಕೊಂಡಳು. ತಲೆಬರಹಕ್ಕೆ ಒಂದು ಕ್ಷಣ ಯೋಚಿಸಿ ಕನ್ನಡದಲ್ಲಿಯೇ ಬರೆದಳು: ಬಿಗಿತ, ಮೊದಲು, ಬಿಗಿತ, ನಂತರ. ಎರಡನೆಯ ಸಾಲನ್ನು ಖಾಲಿ ಬಿಟ್ಟಳು.

ಎಂಟು ದಿನಗಳ ಮೇಲೆ ಅದೇ ಮೂಲೆಯನ್ನು ಮತ್ತೆ ಎತ್ತಿ ಅಳೆದಾಗ ಎಡಬಲಗಳ ವ್ಯತ್ಯಾಸ ಬಹುಪಾಲು ಅಳಿದಿತ್ತು. ಎತ್ತಿದ ಸ್ಥಿತಿಯಲ್ಲಿಯೇ ಶಿಕ್ಷಕರು ಮುಂಬಾಗಿಲನ್ನು ತೆರೆದು ಮುಚ್ಚಿದರು. ಅಗುಳಿ ಉಜ್ಜದೆ ಕೂತಿತು. ಅಣ್ಣನ ಕಾಲದಲ್ಲಿ ಬಾಗಿಲು ಹೀಗೆಯೇ ಸದ್ದು ಮಾಡುತ್ತಿತ್ತೆಂದು ಅವರು ಹೇಳಿ, ಇನ್ನೊಮ್ಮೆ ತೆರೆದು ಮುಚ್ಚಿದರು. ಮಗಳು ಖಾಲಿ ಬಿಟ್ಟಿದ್ದ ಸಾಲನ್ನು ತುಂಬಿ, ಅದರ ಕೆಳಗೆ ಮೂರನೆಯ ಸಾಲೊಂದನ್ನು ಎಳೆದಳು: ಮುಂದಿನ ಪಟ್ಟಿ, ನೆಟ್ಟಗಿನದು, ಬರುವ ವರ್ಷ.

ಮಿರಜಕ್ಕೆ ಮರಳುವ ದಾರಿಯಲ್ಲಿ ಸ್ಟೀರಿಂಗು ಅವಳ ಕೈಯಲ್ಲಿತ್ತು. ಕಬ್ಬಿನ ಟ್ರ್ಯಾಕ್ಟರೊಂದಕ್ಕೆ ದಾರಿ ಬಿಟ್ಟು ಕಾರು ಡಾಂಬರಿನ ಅಂಚಿಗೆ ಇಳಿಯಿತು. ಎಡಗಾಲಿಗಳು ತಗ್ಗಿನಲ್ಲಿ, ಬಲಗಾಲಿಗಳು ದಿಂಡಿನ ಮೇಲೆ. ಹಿಂದೆಲ್ಲ ಅಂತಹ ಜಾಗದಲ್ಲಿ ಡ್ಯಾಶ್‌ಬೋರ್ಡು ಕಿರುಗುಟ್ಟುತ್ತಿತ್ತು. ಅವಳು ಕಿವಿಗೊಟ್ಟು ಕಾದಳು. ಏನೂ ಕೇಳಿಸಲಿಲ್ಲ. ಟ್ರ್ಯಾಕ್ಟರು ದಾಟಿತು, ಕಾರು ಮತ್ತೆ ರಸ್ತೆ ಹತ್ತಿತು. ಸೋಮವಾರ ಬೆಳಿಗ್ಗೆ ಮಳೆ ಬಂದರೆ ಓಣಿಯ ಮಕ್ಕಳು ಎಂದಿನಂತೆ ಎಡಬದಿಯ ಹಿಂಬಾಗಿಲಿನಿಂದಲೇ ಹತ್ತುವರು.